ಸಿನಿಮಾ ನೋಡಿದೆವು, ಊರೂ ನೋಡಿದೆವು

ರಜೆ ಬಂತೆಂದರೆ ನಮ್ಮ ಚಿಕ್ಕಮಗಳೂರು ಸೀಮೆಯ ಮನೆಗಳಿಗೆ ನೆಂಟರು ಬರುವುದು ವಾಡಿಕೆ. ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವುದು ಎರಡೇ ಮಾತು: "ಮುಳ್ಳಯ್ಯನಗಿರಿಗೆ ಯಾವಾಗ? ಬಾಬಾಬುಡನ್‌ಗಿರಿಗೆ ಯಾವಾಗ?" ಅಲ್ಲಿಗೆ ಹೋದರೆ ದಾರಿಯುದ್ದಕ್ಕೂ ಕಾರುಗಳ ಸಾಲು. ಬೆಟ್ಟ ನೋಡುವುದಕ್ಕಿಂತ ಮುಂದಿನ ಕಾರಿನ ಹಿಂಭಾಗ ನೋಡುವುದೇ ಹೆಚ್ಚು. ಬೆಳಿಗ್ಗೆ ಹುರುಪಿನಿಂದ ಹೊರಟವರು ಸಂಜೆ ತಲೆನೋವು ಹೊತ್ತುಕೊಂಡು ಬರುತ್ತಾರೆ. ಅವರಿಗೆ ಬಿಸಿನೀರು ಕಾಯಿಸುವುದು, ಶುಂಠಿ ಕಷಾಯ ಮಾಡುವುದು ಮನೆಯ ಹೆಂಗಸರ ಪಾಲು.

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ನನ್ನ ನಾದಿನಿ ಹೋದ ವರ್ಷ ಮಕ್ಕಳಿಬ್ಬರನ್ನು ಕರೆದುಕೊಂಡು ಬಂದಳು. ಅಲ್ಲಿ ಶಾಲೆಗೆ ರಜೆ ಜೂನ್ ತಿಂಗಳಲ್ಲಿ; ನಮಗೆ ಅದು ಆರಿದ್ರಾ ಮಳೆಯ ಕಾಲ. ಹೊರಗೆ ಕಾಲಿಡುವ ಹಾಗಿಲ್ಲ. ಮಕ್ಕಳಿಗೆ ಹೊತ್ತು ಹೋಗಬೇಕಲ್ಲ, ಸಂಜೆ ಸಂಜೆ ಒಂದೊಂದು ಕನ್ನಡ ಸಿನಿಮಾ ಹಾಕಿಕೊಂಡು ಎಲ್ಲರೂ ಜಗುಲಿಯಲ್ಲಿ ಕೂತೆವು. ಕರೆಂಟ್ ಹೋದರೆ ಕಥೆಯ ಬಗ್ಗೆ ಚರ್ಚೆ, ಬಂದರೆ ಸಿನಿಮಾ. ಮಳೆ ಹೊಳವಾದ ದಿನ ಆ ಸಿನಿಮಾದ ಕಥೆ ಹುಟ್ಟಿದ ಊರಿಗೇ ಹೋಗಿ ಬರುವುದು ಅಂತ ನಾದಿನಿಯೇ ಹೂಡಿದ ಉಪಾಯ. "ಅತ್ತಿಗೆ, ಯಾರೂ ಹೋಗದ ಕಡೆ ಕರ್ಕೊಂಡು ಹೋಗಿ, ಸಾಕು" ಅಂದಳು. ಹೀಗೆ ನಾವು ನೋಡಿದ ಸಿನಿಮಾಗಳು, ಊರುಗಳು, ಅವುಗಳ ಬಗ್ಗೆ ನಮಗೆ ಅನ್ನಿಸಿದ್ದು ಇಲ್ಲಿದೆ.

ಒಂದೇ ಪುಸ್ತಕ, ನಾಲ್ಕು ಸಿನಿಮಾ

ನಮ್ಮ ಮೂಡಿಗೆರೆಯನ್ನು ಪ್ರವಾಸಿಗಳು ಊರೆಂದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಚಿಕ್ಕಮಗಳೂರಿನಿಂದ ಸುಮಾರು 30 ಕಿಲೋಮೀಟರು. ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲಿ ಬಸ್ಸು ನಿಂತರೆ ಇಳಿದು ಕಾಫಿ ಕುಡಿಯುವ ಜಾಗ, ಅಷ್ಟೆ. ಆದರೆ ಪೂರ್ಣಚಂದ್ರ ತೇಜಸ್ವಿಯವರು ಬದುಕಿದ್ದು, ಬರೆದದ್ದು, 2007ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದ್ದು ಇಲ್ಲೇ. 1973ರಲ್ಲಿ ಬಂದ ಅವರ 'ಅಬಚೂರಿನ ಪೋಸ್ಟಾಫೀಸು' ಎಂಬ ಕಥೆಗಳ ಪುಸ್ತಕ ಒಂದರಿಂದಲೇ ನಾಲ್ಕು ಸಿನಿಮಾಗಳು ಬಂದಿವೆ. ಅದೇ ಹೆಸರಿನ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್ 1973ರಲ್ಲೇ ತೆರೆಗೆ ತಂದರು. ಆಮೇಲೆ ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ', 1992ರಲ್ಲಿ ಸದಾನಂದ ಸುವರ್ಣರ 'ಕುಬಿ ಮತ್ತು ಇಯಾಲ', 2023ರಲ್ಲಿ ಶಶಾಂಕ್ ಸೋಗಾಲ್ ಅವರ 'ಡೇರ್‌ಡೆವಿಲ್ ಮುಸ್ತಾಫಾ'.

ಮಕ್ಕಳಿಗೆ ಮೊದಲು ತೋರಿಸಿದ್ದು ಮುಸ್ತಾಫಾನನ್ನು. ಅಬಚೂರು ಎಂಬ ಕಲ್ಪನೆಯ ಊರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರುತ್ತಾನೆ. ಉಳಿದ ಹುಡುಗರಿಗೆ ಅವನ ಉಡುಗೆ, ಮಾತು, ಹೆಸರು ಎಲ್ಲವೂ ವಿಚಿತ್ರ. ಜಗಳ, ಕುಚೋದ್ಯ, ಕೊನೆಗೆ ಕ್ರಿಕೆಟ್. ತೇಜಸ್ವಿಯವರ ಓದುಗರೇ ಹಣ ಹಾಕಿ ಮಾಡಿಸಿದ ಚಿತ್ರವಿದು ಎನ್ನುವುದೇ ಒಂದು ಸಂತೋಷ. ನಾದಿನಿಯ ಹನ್ನೆರಡು ವರ್ಷದ ಮಗನಿಗೆ ಅರ್ಧ ಕನ್ನಡ ಅರ್ಥವಾಗುವುದಿಲ್ಲ. ಆದರೂ ಕಣ್ಣು ಮಿಟುಕಿಸದೆ ನೋಡಿದ. ಮುಗಿದ ಮೇಲೆ, "ನನ್ನ ಕ್ಲಾಸಿನಲ್ಲಿ ನಾನೇ ಮುಸ್ತಾಫಾ" ಅಂದುಬಿಟ್ಟ. ನಾದಿನಿ ತಟ್ಟೆ ಎತ್ತುತ್ತಿದ್ದವಳು ಹಾಗೇ ನಿಂತಳು. ಅಲ್ಲಿ ಊಟದ ಡಬ್ಬಿಯಲ್ಲಿ ಚಿತ್ರಾನ್ನ ತೆಗೆದರೆ ಪಕ್ಕದ ಹುಡುಗರು ಮೂಗು ಮುಚ್ಚುತ್ತಾರಂತೆ. ಮನೆಯಲ್ಲಿ ಅವನು ಅದನ್ನು ಹೇಳಿರಲೇ ಇಲ್ಲ. ನಮ್ಮ ಊರಿನ ಶಾಲೆಯಲ್ಲೂ ಒಬ್ಬ ಮುಸ್ತಾಫಾ, ಒಬ್ಬಳು ಲೈನ್ ಮನೆಯ ಹುಡುಗಿ ಹೀಗೇ ಮೂಲೆಯಲ್ಲಿ ಕೂತು ಡಬ್ಬಿ ತೆಗೆಯುತ್ತಿರಬಹುದು, ತಾಯಂದಿರು ಯೋಚಿಸಬೇಕು. ಚಿತ್ರದ ಬಗ್ಗೆ ನನ್ನದೊಂದೇ ತಕರಾರು. ಅದು ಪೂರ್ತಿ ಹುಡುಗರ ಲೋಕ. ಆ ಹುಡುಗರ ತಾಯಂದಿರು ಮನೆಯೊಳಗೆ ಏನು ಮಾತಾಡಿಕೊಂಡರು ಅಂತ ಇನ್ನಷ್ಟು ಕಾಣಬೇಕಿತ್ತು.

ಆ ಕೊರತೆಯನ್ನು ತುಂಬಿದ್ದು ತೇಜಸ್ವಿಯವರದೇ ಇನ್ನೊಂದು ಪುಸ್ತಕದಿಂದ ಬಂದ 'ಕಿರಗೂರಿನ ಗಯ್ಯಾಳಿಗಳು'. 2016ರ ಈ ಚಿತ್ರದ ನಿರ್ದೇಶಕಿ ಸುಮನಾ ಕಿತ್ತೂರು. ಬಾಯಿಜೋರು ಹೆಂಗಸರ ಊರು ಕಿರಗೂರು. ನಮ್ಮತ್ತೆಗೆ ಎಂಬತ್ತು ದಾಟಿದೆ. "ಇಷ್ಟು ಕೂಗಾಟ ಎಂಥದ್ದು ಮಾರಾಯ್ತಿ" ಅಂತ ಮೊದಲು ಗೊಣಗಿದರು. ಅರ್ಧಕ್ಕೆ ಬರುವಷ್ಟರಲ್ಲಿ ಹೆಂಗಸರ ಪಕ್ಷ ವಹಿಸಿ ಅವರೇ ಬೈಯತೊಡಗಿದರು! ಗಂಡಸರ ಕುಡಿತ, ಊರ ಪುಢಾರಿಗಳ ಆಟ ನೋಡಿ ನೋಡಿ ರೋಸಿದ ಹೆಂಗಸಿಗೆ ಬಾಯಿಯೇ ಆಯುಧ. ಬಾಯಿ ಬಿಟ್ಟವಳನ್ನು ಗಯ್ಯಾಳಿ ಎನ್ನುವ ಊರು, ಬಾಯಿ ಬಿಡಿಸಿದವನಿಗೆ ಏನೂ ಅನ್ನುವುದಿಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಕುಡಿತ ಮಾತ್ರ ಬೇರೆ ಬಾಟಲಿಗೆ ಹೋಯಿತು, ನಿಲ್ಲಲಿಲ್ಲ. ಆದ್ದರಿಂದ ಚಿತ್ರ ಹಳೆಯದಾಗಿಲ್ಲ.

ಈ ಎರಡು ಚಿತ್ರ ನೋಡಿದ ಮೇಲೆ ಮೂಡಿಗೆರೆ, ಕೊಟ್ಟಿಗೆಹಾರಕ್ಕೆ ಹೋದೆವು. ತೇಜಸ್ವಿಯವರ 'ನಿರುತ್ತರ' ಖಾಸಗಿ ಮನೆ. ಅಲ್ಲಿಗೆ ಗುಂಪು ಕಟ್ಟಿಕೊಂಡು ಹೋಗುವುದು ತರವಲ್ಲ. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ, ಅಲ್ಲಿಗೆ ಹೋಗಬಹುದು. ಓದುವ ಸೋದರಿಯರಿಗೆ ಇನ್ನೊಂದು ಮಾತು. ಅವರ ಪತ್ನಿ ರಾಜೇಶ್ವರಿ ತೇಜಸ್ವಿಯವರು 'ನನ್ನ ತೇಜಸ್ವಿ' ಎಂಬ ಪುಸ್ತಕ ಬರೆದಿದ್ದಾರೆ. ದೊಡ್ಡ ಲೇಖಕನ ಮನೆ ಒಳಗಿನಿಂದ ಹೇಗೆ ಕಾಣುತ್ತದೆ ಎಂದು ತಿಳಿಯಲು ಹೆಂಡತಿ ಬರೆದದ್ದನ್ನೇ ಓದಬೇಕು. ಅವರೂ 2021ರಲ್ಲಿ ತೀರಿಕೊಂಡರು.

ಮೂಡಿಗೆರೆಯ ಹತ್ತಿರವೇ ಅಂಗಡಿ ಎಂಬ ಹಳ್ಳಿಯಿದೆ. "ಅಂಗಡಿಗೆ ಹೋಗೋಣ" ಅಂದಾಗ ಹುಡುಗಿ ಚಾಕೊಲೇಟ್ ಪಟ್ಟಿ ಮಾಡಿಕೊಂಡಿದ್ದಳು. ಹಳೆಯ ಹೆಸರು ಸೊಸೆವೂರು. ಹುಲಿಯನ್ನು ಕೊಂದ ಸಳನ ಕಥೆ ಹುಟ್ಟಿದ್ದು, ಹೊಯ್ಸಳರ ಮೂಲ ಎನ್ನುವುದು ಇದೇ ಊರು. ವಾಸಂತಿಕಾ ದೇವಿಯ ಗುಡಿ, ಹಳೆಯ ಜೈನ ಬಸದಿಗಳು ಇವೆ. ಬೇಲೂರು ನೋಡಲು ಲಕ್ಷ ಜನ. ಆ ವಂಶ ಹೊರಟ ಹಳ್ಳಿಯಲ್ಲಿ ನಾವು ಹೋದ ದಿನ ನಮ್ಮ ಐದು ಜನರ ಹೊರತು ಇನ್ನೊಬ್ಬರಿರಲಿಲ್ಲ.

ತಬರ ಮತ್ತು ನಮ್ಮ ಲೈನಿನ ಅಜ್ಜಿ

'ತಬರನ ಕಥೆ'ಗೆ 1986ರ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ತಬರನಾಗಿ ಅಭಿನಯಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ. ಜೀವನವಿಡೀ ಪ್ರಾಮಾಣಿಕವಾಗಿ ದುಡಿದ ಕೆಳದರ್ಜೆಯ ನೌಕರನೊಬ್ಬ ನಿವೃತ್ತನಾಗುತ್ತಾನೆ. ಪಿಂಚಣಿ ಬರುವುದಿಲ್ಲ. ಹೆಂಡತಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆಯುತ್ತಿದೆ, ಕಾಲು ತೆಗೆಸಬೇಕು. ಅದಕ್ಕೆ ಬೇಕಾದ ಹಣ ಅವನದೇ, ಆದರೆ ಅದು ಕಚೇರಿಯ ಕಡತದಲ್ಲಿ ಕೂತಿದೆ. ಅಲ್ಲಿ ಕೂತಷ್ಟು ದಿನ ಇಲ್ಲಿ ಕಾಲು ಕೊಳೆಯುತ್ತದೆ.

ಆ ಸಂಜೆ ನಮ್ಮ ತೋಟದ ಲೈನಿನಲ್ಲಿರುವ ಅಜ್ಜಿಯೂ ಬಂದು ಕೂತಿದ್ದಳು. ಮೂವತ್ತು ವರ್ಷ ಕಾಫಿ ಕೊಯ್ದವಳು, ಗಂಡ ಇಲ್ಲ. ಚಿತ್ರ ನೋಡುತ್ತಾ ನೋಡುತ್ತಾ, "ಅಮ್ಮಾ, ಇವನಿಗೂ ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಾಗಿತ್ತಾ?" ಎಂದು ಕೇಳಿದಳು. ಎಲ್ಲರೂ ನಕ್ಕೆವು. ಅವಳು ನಗಲಿಲ್ಲ. ವಿಚಾರಿಸಿದರೆ, ಅವಳಿಗೆ ಬರುತ್ತಿದ್ದ ವಿಧವಾ ವೇತನ ಏಳು ತಿಂಗಳಿಂದ ನಿಂತಿದೆ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಅಕ್ಷರ. ಕಚೇರಿಗೆ ನಾಲ್ಕು ಸಲ ಹೋಗಿದ್ದಾಳೆ. ಒಂದು ಸಲ ಸಾಹೇಬರಿಲ್ಲ, ಒಂದು ಸಲ ಸರ್ವರ್ ಇಲ್ಲ, ಇನ್ನೊಂದು ಸಲ "ನಾಳೆ ಬಾ". ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು. ತಬರನ ಕಾಲದಲ್ಲಿ ಕಡತವಿತ್ತು, ಈಗ ಕಂಪ್ಯೂಟರ್ ಇದೆ; ಕಾಯುವ ಜಗುಲಿ ಮಾತ್ರ ಅದೇ.

ಮರುದಿನ ನಾನೂ ನಾದಿನಿಯೂ ಅವಳ ಕಾಗದಪತ್ರ ಹರಡಿಕೊಂಡು ಕೂತೆವು. ಮೊದಲು ಆಧಾರಿನ ಹೆಸರು ಸರಿಮಾಡಿಸಿ, ಆಮೇಲೆ ಬ್ಯಾಂಕಿನಲ್ಲಿ ಜೋಡಿಸಿ, ಕೊನೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಮೂರು ತಿಂಗಳ ನಂತರ ಹಣ ಮತ್ತೆ ಬರಲು ಶುರುವಾಯಿತು. ನಿಂತಿದ್ದ ತಿಂಗಳುಗಳ ಬಾಕಿ ಇನ್ನೂ ಬಂದಿಲ್ಲ. ಅದಕ್ಕೂ ಅರ್ಜಿ ಹಾಕಿದ್ದೇವೆ.

ನಿಮ್ಮ ಸುತ್ತ ಇಂಥವರು ಇದ್ದರೆ ಇಷ್ಟು ಗಮನಿಸಿ:

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇದೆಯೇ ನೋಡಿ. ವಿಧವಾ ವೇತನಕ್ಕೆ ಗಂಡನ ಮರಣ ಪ್ರಮಾಣಪತ್ರ ಬೇಕು, ವೃದ್ಧಾಪ್ಯ ವೇತನಕ್ಕೆ ವಯಸ್ಸಿನ ದಾಖಲೆ. ಅರ್ಜಿ ಕೊಡುವುದು ಹೋಬಳಿಯ ನಾಡಕಚೇರಿಯಲ್ಲಿ. 2011ರ ಸಕಾಲ ಕಾಯ್ದೆಯಂತೆ ಅರ್ಜಿಗೆ ಸ್ವೀಕೃತಿ ಚೀಟಿ, ಅದರ ಮೇಲೊಂದು ನಂಬರು ಕೊಡಬೇಕು. ಆ ಚೀಟಿ ಕೈಗೆ ಬರದೆ ಎದ್ದು ಬರಬೇಡಿ. ಓದು ಬಾರದವರ ಜೊತೆ ಓದು ಬಲ್ಲ ಒಬ್ಬರು ಹೋದರೆ "ನಾಳೆ ಬಾ" ಎಂಬ ಮಾತು ಕಡಿಮೆಯಾಗುತ್ತದೆ. ಇದು ನಾವು ಕಣ್ಣಾರೆ ಕಂಡದ್ದು.

ಮಕ್ಕಳು ಮಲಗಿದ ಮೇಲೆ

'ಸಂಸ್ಕಾರ' ಮತ್ತು 'ಘಟಶ್ರಾದ್ಧ' ಎರಡನ್ನೂ ಮಕ್ಕಳು ಮಲಗಿದ ಮೇಲೆ ಹೆಂಗಸರು ಮಾತ್ರ ನೋಡಿದೆವು. ಎರಡೂ ಯು.ಆರ್. ಅನಂತಮೂರ್ತಿಯವರ ಬರಹದಿಂದ ಬಂದವು, ಎರಡೂ ರಾಷ್ಟ್ರಮಟ್ಟದಲ್ಲಿ ವರ್ಷದ ಅತ್ಯುತ್ತಮ ಚಿತ್ರ ಎನಿಸಿದವು. 1970ರ 'ಸಂಸ್ಕಾರ'ದ ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ. ಚಿತ್ರ ತೆಗೆದದ್ದು ನಮ್ಮ ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಸತ್ತವನ ಶವ ಯಾರು ಸುಡಬೇಕು ಎಂದು ಅಗ್ರಹಾರದ ಗಂಡಸರು ಶಾಸ್ತ್ರ ಹುಡುಕುತ್ತಾ ಕೂರುತ್ತಾರೆ. ಶವವನ್ನು ಸುಡಿಸುವವಳು ಚಂದ್ರಿ. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿಟ್ಟರು. ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇದನ್ನು ತಿಳಿದ ಮೇಲೆ ಆ ಚಿತ್ರದಲ್ಲಿ ಅವರ ಮುಖ ನೋಡುವುದು ಕಷ್ಟ.

'ಘಟಶ್ರಾದ್ಧ' ಕಾಸರವಳ್ಳಿಯವರ 1977ರ ಚಿತ್ರ. ಬಾಲವಿಧವೆ ಯಮುನಕ್ಕ ಬಸಿರಾಗುತ್ತಾಳೆ. ಬದುಕಿರುವಾಗಲೇ ಅವಳಿಗೆ ತಿಥಿ ಮಾಡಿ ಹೊರಹಾಕುತ್ತಾರೆ. ಹಳೆಯ ಪ್ರತಿಯನ್ನು ಹೊಸದು ಮಾಡಿ 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಚಿತ್ರ ಮುಗಿದಾಗ ನಮ್ಮತ್ತೆ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೆಂಪು ಸೀರೆ ಉಟ್ಟು ಹಿತ್ತಲ ಕೋಣೆಯಲ್ಲೇ ಜೀವ ಸವೆಸಿದ ತಮ್ಮ ಸೋದರತ್ತೆಯ ಹೆಸರು ಹೇಳಿದರು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಆ ಹೆಸರನ್ನು ನಾನು ಈ ಮನೆಯಲ್ಲಿ ಕೇಳಿರಲಿಲ್ಲ. ಅವರು ಮಾಡುತ್ತಿದ್ದ ಕಳಲೆ ಪಲ್ಯದ ರುಚಿ, ಅವರಿಗೆ ಬಾಯಿಗೆ ಬರುತ್ತಿದ್ದ ಹಾಡುಗಳು, ಎಲ್ಲ ಆ ರಾತ್ರಿ ಹೊರಗೆ ಬಂತು. ಸಿನಿಮಾ ಸುಖಾಂತವಾಗಿರಬೇಕು ಎನ್ನುವವಳು ನಾನು. ಆದರೂ ಈ ಚಿತ್ರ ಮನೆಯ ಹಿರಿಯ ಹೆಂಗಸರ ಜೊತೆ ಕೂತು ನೋಡುವಂಥದ್ದು, ಒಬ್ಬರೇ ನೋಡುವಂಥದ್ದಲ್ಲ.

ಮುಂದಿನ ವಾರ ಶೃಂಗೇರಿಗೆ ಹೋದಾಗ ಶಾರದಾಂಬೆಯ ದರ್ಶನ ಮುಗಿಸಿ ವೈಕುಂಠಪುರಕ್ಕೂ ಹೋದೆವು. ಅಡಿಕೆ ತೋಟ, ಹಂಚಿನ ಮನೆ, ಮಳೆ. ಅಲ್ಲಿ ಏನು ಕಾಣುತ್ತದೆ ಅಂದರೆ, ಏನೂ ಇಲ್ಲ. ಆದರೆ ಅತ್ತೆ ಕಾರಿನಿಂದಿಳಿದು ಕೊಡೆ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ಬಂದರು.

ಗಣಿ ನಿಂತ ಊರು, ಕಾರ್ಖಾನೆ ನಿಂತ ಊರು

ನಾದಿನಿಯ ಪಿಟ್ಸ್‌ಬರ್ಗ್ ಕೂಡ ನಮ್ಮ ಮೂಡಿಗೆರೆಯ ಹಾಗೆ ಯಾರೂ ನೋಡಲು ಹೋಗದ ಊರಂತೆ. ಇಲ್ಲಿಂದ ಅಮೆರಿಕಕ್ಕೆ ಬಾಣಂತನಕ್ಕೆ ಹೋಗುವ ತಾಯಂದಿರಿಗೆಲ್ಲ ನ್ಯೂಯಾರ್ಕ್, ನಯಾಗರ ತೋರಿಸಿ ಫೋಟೋ ತೆಗೆಸಿ ಕಳಿಸುತ್ತಾರೆ. "ಅಲ್ಲಿಗೆ ಹೋದರೆ ಮುಳ್ಳಯ್ಯನಗಿರಿಯದೇ ರಶ್ಶು ಅತ್ತಿಗೆ" ಅನ್ನುತ್ತಾಳೆ. ಅವಳ ಊರಿನಲ್ಲಿ ಎರಡು ನದಿ ಸೇರಿ ಓಹಿಯೋ ಎಂಬ ಮೂರನೆಯ ನದಿಯಾಗುತ್ತದೆ. ಗುಡ್ಡ ಹತ್ತಿಸಲು ಹಳಿಯ ಮೇಲೆ ಓಡುವ ಪೆಟ್ಟಿಗೆಯಂಥ ಗಾಡಿಗಳಿವೆ. ಒಂದು 1870ರದು, ಇನ್ನೊಂದು 1877ರದು, ಇಂದಿಗೂ ಜನ ಓಡಾಡುತ್ತಾರೆ. ನಮ್ಮವರು 1970ರ ದಶಕದಲ್ಲೇ ಕಟ್ಟಿದ ವೆಂಕಟೇಶ್ವರ ದೇವಸ್ಥಾನವಿದೆ. ಸಿನಿಮಾಕ್ಕೂ ಆ ಊರಿಗೂ ಹಳೆಯ ನಂಟು. 1905ರಲ್ಲಿ ಅಲ್ಲಿಯ ಒಂದು ಮಳಿಗೆಯಲ್ಲಿ ಐದು ಸೆಂಟಿಗೆ ಸಿನಿಮಾ ತೋರಿಸುವ 'ನಿಕಲೋಡಿಯನ್' ತೆರೆದರು. ಆಮೇಲೆ ಅಂಥ ಅಗ್ಗದ ಥಿಯೇಟರುಗಳು ದೇಶವೆಲ್ಲ ಹಬ್ಬಿದವು. ಕೂಲಿಯವರು, ಹೆಂಗಸರು, ಮಕ್ಕಳು ಸಿನಿಮಾ ನೋಡಲು ಕಲಿತದ್ದು ಅಲ್ಲೇ. ನಮ್ಮತ್ತೆ ನೆಲದ ಟಿಕೆಟ್ಟಿನಲ್ಲಿ ಟೂರಿಂಗ್ ಟಾಕೀಸು ನೋಡಿದ ಕಥೆಗೂ ಅದಕ್ಕೂ ಹೆಚ್ಚು ದೂರವಿಲ್ಲ.

ಒಂದು ಕಾಲಕ್ಕೆ ಆ ಊರು ಉಕ್ಕಿಗೆ ಹೆಸರು. ಪಕ್ಕದ ಹೋಮ್‌ಸ್ಟೆಡ್ಡಿನ ದೊಡ್ಡ ಕಾರ್ಖಾನೆ 1986ರಲ್ಲಿ ಮುಚ್ಚಿತು. ಈಗ ಆ ಜಾಗದಲ್ಲಿ ಅಂಗಡಿ ಸಾಲುಗಳು, ನೆನಪಿಗೆ ಹನ್ನೆರಡು ಚಿಮಣಿ ಉಳಿಸಿದ್ದಾರೆ. ಈ ಮಾತು ಬಂದಾಗ ನಮಗೆ ಕುದುರೆಮುಖ ನೆನಪಾಯಿತು. ಕಳಸದಿಂದ ಸುಮಾರು 20 ಕಿಲೋಮೀಟರು. ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಶುರುವಾಯಿತು. ಕಾಡಿನ ನಡುವೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎದ್ದವು. ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಭದ್ರೆ, ತುಂಗೆ, ನೇತ್ರಾವತಿ ಹುಟ್ಟುವ ಬೆಟ್ಟಸಾಲು ಇದು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು. ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ನನ್ನ ಪರಿಚಯದ ಅಕ್ಕ ಒಬ್ಬರು ಮದುವೆಯಾಗಿ ಆ ಕ್ವಾರ್ಟರ್ಸಿಗೇ ಬಂದವರು. ನಮ್ಮ ಜೊತೆ ಬಂದು ತಮ್ಮ ಮನೆ ತೋರಿಸಿದರು. ಹಿತ್ತಲಲ್ಲಿ ಅವರು ನೆಟ್ಟ ಮಲ್ಲಿಗೆ ಬಳ್ಳಿಯ ಮೇಲೆ ಕಾಡುಗಿಡ ಹತ್ತಿತ್ತು. "ಕಾಡು ಉಳೀಬೇಕಿತ್ತು, ಅದು ಸರಿ. ಹೊಳೆ ನೀರು ಕೆಂಪಗೆ ಹರಿಯೋದನ್ನ ನಾನೇ ನೋಡಿದ್ದೆ. ಆದರೆ ನಮ್ಮ ಮಹಿಳಾ ಸಮಾಜ, ಹೊಲಿಗೆ ಕ್ಲಾಸು, ಅಕ್ಕಪಕ್ಕದೋರು, ಎಲ್ಲ ಒಂದೇ ವರ್ಷದಲ್ಲಿ ಚೆಲ್ಲಾಪಿಲ್ಲಿ ಆಯ್ತಲ್ಲ" ಅಂದರು. ಎರಡೂ ಮಾತು ನಿಜವೇ. ಕಾರ್ಖಾನೆ ಮುಚ್ಚಿದ ವರ್ಷ ಹೋಮ್‌ಸ್ಟೆಡ್ಡಿನ ಅಡುಗೆಮನೆಗಳಲ್ಲೂ ಹೆಂಗಸರು ಹೀಗೇ ಲೆಕ್ಕ ಹಾಕುತ್ತಾ ಕೂತಿರಬೇಕು. ಯಾರಾದರೂ ಕುದುರೆಮುಖದ ಆ ಮನೆಗಳ ಮೇಲೆ ಒಂದು ಒಳ್ಳೆಯ ಸಿನಿಮಾ ಮಾಡಬೇಕು.

ಕೊನೆಯ ವಾರ ನಾಗತಿಹಳ್ಳಿ ಚಂದ್ರಶೇಖರರ 'ಅಮೆರಿಕಾ ಅಮೆರಿಕಾ' ನೋಡಿದೆವು. ಊರಿನಲ್ಲಿ ಉಳಿದವನು ಒಬ್ಬ, ಅಮೆರಿಕಕ್ಕೆ ಹೋದವನು ಒಬ್ಬ, ನಡುವೆ ಭೂಮಿಕಾ. ನನಗೆ ಹಾಡುಗಳೂ ಕಥೆಯೂ ಇಷ್ಟವಾದವು. ನಾದಿನಿಗೆ ಅರ್ಧ ಸಿಟ್ಟು. "ಹೋದವರೆಲ್ಲ ಹಣದ ಹಿಂದೆ ಬಿದ್ದವರು, ಉಳಿದವರೆಲ್ಲ ಒಳ್ಳೆಯವರು ಅಂತ ಎಷ್ಟು ದಿನ ಹೇಳ್ತಾರೆ? ಅಲ್ಲಿ ಹಿಮ ಬೀಳುವಾಗ ಒಂದು ಸೊಪ್ಪಿನ ಕಟ್ಟಿಗೆ ಹತ್ತು ಮೈಲಿ ಗಾಡಿ ಓಡಿಸಿದ್ದು ಯಾವ ಸಿನಿಮಾದಲ್ಲೂ ಬರೋದಿಲ್ಲ" ಅಂದಳು. ಒಂಟಿತನದ ಮಾತು ಮಾತ್ರ ಸರಿಯಾಗಿ ಬಂದಿದೆ ಎಂದು ಒಪ್ಪಿಕೊಂಡಳು. ಅವಳ ಸಿಟ್ಟಿನಲ್ಲೂ ನ್ಯಾಯವಿದೆ ಎಂದು ನನಗನ್ನಿಸಿತು.

ಹೋಗುವವರಿಗೆ ನಾಲ್ಕು ಮಾತು

ಮಳೆಗಾಲದಲ್ಲಿ ಹೊರಡುವ ಮುನ್ನ ಚಾರ್ಮಾಡಿ, ಕುದುರೆಮುಖದ ರಸ್ತೆ ತೆರೆದಿದೆಯೇ ವಿಚಾರಿಸಿ, ಗುಡ್ಡ ಕುಸಿಯುವುದುಂಟು. ಮಕ್ಕಳು, ವಯಸ್ಸಾದವರು ಇದ್ದರೆ ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ.

ಇಂಬಳ ಹತ್ತಿದರೆ ಕಿತ್ತೆಳೆಯಬೇಡಿ. ಉಪ್ಪಿನ ಪೊಟ್ಟಣ ಸೊಂಟದಲ್ಲಿರಲಿ, ಚಿಟಿಕೆ ಹಾಕಿದರೆ ತಾನೇ ಬಿಡುತ್ತದೆ.

ಈ ಸಣ್ಣ ಊರುಗಳಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗದೆ ಹೋಗಬಹುದು. ಗೊಜ್ಜವಲಕ್ಕಿ ಕಲಸಿಕೊಂಡರೆ ಸಂಜೆಯವರೆಗೂ ಕೆಡುವುದಿಲ್ಲ. ಕಳಸ, ಹೊರನಾಡು ಕಡೆ ಹೋದರೆ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಪ್ರಸಾದದ ಊಟವಿದೆ. ಎಲೆ, ಪ್ಲಾಸ್ಟಿಕ್ಕು ಕಾಡಿನಲ್ಲಿ ಬಿಸಾಡದೆ ಮನೆಗೆ ತನ್ನಿ.

ಮೊದಲು ಸಿನಿಮಾ ನೋಡಿ, ಆಮೇಲೆ ಊರು ನೋಡಿ. ನಡುವೆ ಎರಡು ದಿನ ಬಿಡುವು ಕೊಡಿ. ಆ ಎರಡು ದಿನದಲ್ಲಿ ಮನೆಯ ಹಿರಿಯರು ಏನಾದರೂ ಹೇಳುತ್ತಾರೆ, ಮಕ್ಕಳು ಏನಾದರೂ ಕೇಳುತ್ತಾರೆ. ನಿಮ್ಮ ಜಿಲ್ಲೆಯ ಕಥೆ, ಕಾದಂಬರಿಯಿಂದ ಬಂದ ಸಿನಿಮಾ ಯಾವುದು ಎಂದು ಊರಿನ ಲೈಬ್ರರಿಯಲ್ಲಿ ಕೇಳಿದರೆ ತಿಳಿಯುತ್ತದೆ. ಮುಂದಿನ ರಜೆಗೆ ನೆಂಟರು ಬರುವ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಿ.